ಹಳದಿ ನೀರಿನಲ್ಲಿ ಬಂದ ಗಡ್ಡೆ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಒಂದೇ ಮಾತು: "ಮೇಡಂ, ಇದರಲ್ಲಿ ರೋಗಿಗಳ ಮುಖ ನೋಡಬೇಕಾಗುತ್ತಾ?" ಇಲ್ಲ ಅಂದರೆ ನಿಟ್ಟುಸಿರು ಬಿಡುತ್ತಾರೆ. ನಾನೂ ಹಾಗೆ ನಿಟ್ಟುಸಿರು ಬಿಟ್ಟವಳೇ. ಶ್ರೀರಂಗಪಟ್ಟಣದ ಪ್ಯಾಥಾಲಜಿ ಲ್ಯಾಬೊಂದರಲ್ಲಿ ಮೂವತ್ತೊಂದು ವರ್ಷ ಟೆಕ್ನಿಷಿಯನ್ ಆಗಿದ್ದೆ. ಅಷ್ಟು ವರ್ಷವೂ ನೋಡಿದ್ದು ಜನರ ಮೈಯಿಂದ ಕತ್ತರಿಸಿ ತೆಗೆದ ತುಂಡುಗಳನ್ನು, ಜನರನ್ನಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, "ಸುಶೀಲಮ್ಮನವರ ಕೈಯಲ್ಲಿ ಒಂದು ತಪ್ಪೂ ಆಗಲಿಲ್ಲ" ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ವಿನಯ ಎಂದುಕೊಂಡಿರಬೇಕು ಅವರು.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಈ ಕಡೆ ಎಲ್ಲಿ ಆಪರೇಷನ್ ಆದರೂ ತೆಗೆದದ್ದು ಪರೀಕ್ಷೆಗೆ ನಮ್ಮಲ್ಲಿಗೆ ಬರುತ್ತಿತ್ತು. ತರುತ್ತಿದ್ದವರು ಮನೆಯವರೇ. ಗಂಡನೋ ಅಣ್ಣನೋ ಡಬ್ಬವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಡಬ್ಬದೊಳಗೆ ಫಾರ್ಮಲಿನ್ ಇರಬೇಕು. ಮೈಯಿಂದ ಹೊರಬಿದ್ದ ಗಳಿಗೆಯಿಂದಲೇ ಮಾಂಸ ಕೆಡಲು ಶುರುವಾಗುತ್ತದೆ, ಫಾರ್ಮಲಿನ್ ಅದನ್ನು ಇದ್ದಲ್ಲಿಗೇ ತಡೆದು ಗಟ್ಟಿ ಮಾಡುತ್ತದೆ. ಆಮೇಲೆ ನಾವು ಅದನ್ನು ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು, ಗಾಜಿಗೆ ಹತ್ತಿಸಿ, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುತ್ತೇವೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ಏನು ಬರೆಯುತ್ತಾರೋ ಅದರ ಮೇಲೆ ಆ ಮನೆಯ ಮುಂದಿನ ದಿನಗಳು ನಿಂತಿರುತ್ತವೆ.

ಫಾರ್ಮಲಿನ್ ಎಂದರೆ ಏನೆಂದು ನನಗೆ ಅರ್ಥವಾದದ್ದು ಕೆ.ಆರ್. ಪೇಟೆಯ ಒಬ್ಬ ಸರ್ಜನ್ನರ ದೆಸೆಯಿಂದ. ನಾನು ಸೇರಿದ ಮೊದಲ ವರ್ಷ ಅವರು ಒಂದು ಗಡ್ಡೆಯನ್ನು ಸಣ್ಣ ಬಾಯಿಯ ಬಾಟಲಿಗೆ ತುರುಕಿ ಕಳಿಸಿದ್ದರು. ಹಾಕುವಾಗ ಮೆತ್ತಗಿದ್ದದ್ದರಿಂದ ಒಳಗೆ ಹೋಗಿತ್ತು. ಎರಡು ದಿನದಲ್ಲಿ ಕಲ್ಲಿನಂತಾಗಿ ಹೊರಗೆ ಬರಲೊಲ್ಲದು. ಇಕ್ಕಳ ಹಾಕಿ ಎಳೆದೆ, ತಲೆಕೆಳಗು ಮಾಡಿ ತಟ್ಟಿದೆ. ಕೊನೆಗೆ ಬಾಟಲಿಯನ್ನೇ ಒಡೆದು, ಗಾಜಿನ ಚೂರು ಆರಿಸುತ್ತಾ ಬೆರಳು ಕೊಯ್ದುಕೊಂಡೆ. ನಮ್ಮ ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಹೂಂ, ಇನ್ನು ಮರೆಯೋಲ್ಲ ಬಿಡು. ಸರಿಯಾಗಿ ನೆನೆದ ಮಾಂಸ ಹೀಗಿರುತ್ತೆ" ಎಂದರು. ನಿಜ, ಮರೆಯಲಿಲ್ಲ.

ಆ ಡಾಕ್ಟರನ್ನು ನಾವೆಲ್ಲ ಆಚಾರ್ ಡಾಕ್ಟರು ಎನ್ನುತ್ತಿದ್ದೆವು. ಮೇಲುಕೋಟೆಯವರು, ಮನೆತನದ ಪೂಜೆ ಪುನಸ್ಕಾರ ಬಿಟ್ಟು ಪ್ಯಾಥಾಲಜಿ ಹಿಡಿದವರು. ಬೆಳಿಗ್ಗೆ ಕೈ ತೊಳೆಯುವುದಕ್ಕೆ ಹತ್ತು ನಿಮಿಷ, ಸಾಯಂಕಾಲ ಇನ್ನೂ ಹತ್ತು ನಿಮಿಷ. ಬೈಗುಳದಲ್ಲಿ ಮಾತ್ರ ಮಡಿ ಇರಲಿಲ್ಲ. ಒಮ್ಮೆ ನಾನು ತುಂಡುಗಳನ್ನು ತೇಲಿಬಿಡುವ ಬಿಸಿನೀರಿನ ತಟ್ಟೆಯನ್ನು ಒರೆಸದೆ ಮುಂದಿನ ಕೇಸಿಗೆ ಹೋಗಿದ್ದೆ. ಹಿಂದಿನವರ ಕ್ಯಾನ್ಸರಿನ ಒಂದು ಚೂರು ತೇಲಿಬಂದು ಪಾಂಡವಪುರದ ಹುಡುಗಿಯೊಬ್ಬಳ ಗಾಜಿನ ಮೇಲೆ ಕೂತಿತ್ತು. ಡಾಕ್ಟರು ಅನುಮಾನ ಬಂದು ಮತ್ತೊಂದು ಗಾಜು ಮಾಡಿಸಿದ್ದರಿಂದ ಅವಳು ಉಳಿದಳು. "ಏನೂ ಇಲ್ಲದ ಮಗುವಿನ ಎದೆ ಕೊಯ್ಸೋದಿಕ್ಕೆ ಹೊರಟಿದ್ದೆಯೇನೇ!" ಎಂದು ಇಡೀ ಲ್ಯಾಬಿನ ಎದುರು ಕೂಗಾಡಿದರು. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತೆ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದೆ. ಬರುಬರುತ್ತಾ ಡಾಕ್ಟರು ಬಂದವರೆದುರು, "ಇವಳ ಕೈಯಿಂದ ಬಂದದ್ದನ್ನ ನಾನು ಪ್ರಶ್ನೆ ಮಾಡೋಲ್ಲ" ಎನ್ನುವಷ್ಟಾಯಿತು. ಆ ಮಾತು ನನಗೆ ತಲೆಗೇರಿತು. ನನ್ನ ಪಾಲಿಗೆ ಅದು ದೊಡ್ಡ ಪ್ರಶಸ್ತಿ. ಅದನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಮಾಡುತ್ತೇನೆ ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ನಾವು ಕ್ಯಾನ್ಸರ್ ಹೌದೋ ಅಲ್ಲವೋ, ಎಷ್ಟು ಜೋರು ಎಂದು ಹೇಳಿದರೆ ಮುಗಿಯುತ್ತಿತ್ತು. ಆಮೇಲೆ ಎದೆಯ ಗಡ್ಡೆ ಬಂದಾಗಲೆಲ್ಲ ಇನ್ನೊಂದು ಪರೀಕ್ಷೆ ಕೇಳತೊಡಗಿದರು. ಹರ್-ಟೂ ಎಂಬುದೊಂದು ಪ್ರೋಟೀನು. ಜೀವಕೋಶದ ಹೊರಪೊರೆಯಲ್ಲಿ ಕೂತಿರುತ್ತದೆ, ಬೆಳೆ ಎಂಬ ಸುದ್ದಿಯನ್ನು ಹೊರಗಿನಿಂದ ಒಳಕ್ಕೆ ಮುಟ್ಟಿಸುತ್ತದೆ. ಎಲ್ಲರಲ್ಲೂ ಅಷ್ಟೋ ಇಷ್ಟೋ ಇರುವಂಥದ್ದೇ. ಕೆಲವರ ಗಡ್ಡೆಯಲ್ಲಿ ಅದು ಮಿತಿಮೀರಿ ತುಂಬಿಕೊಂಡು, ಬೆಳೆ ಬೆಳೆ ಎಂದು ಒಂದೇ ಸಮನೆ ಕೂಗುತ್ತದೆ. ಅಂಥ ಗಡ್ಡೆಯ ಹಾವಳಿ ವಿಪರೀತ. ಆದರೆ ಆ ಪ್ರೋಟೀನಿಗೇ ಹೋಗಿ ಅಂಟಿಕೊಂಡು ಅದರ ಬಾಯಿ ಕಟ್ಟುವ ಔಷಧಿ ಬಂದಿದೆ. ಪ್ರೋಟೀನು ತುಂಬಿದ್ದವರಿಗೆ ಆ ಔಷಧಿ ಆಯುಸ್ಸು ಕೊಡುತ್ತದೆ, ಇಲ್ಲದವರಿಗೆ ಕೊಟ್ಟು ಉಪಯೋಗವಿಲ್ಲ. ಇದೆಯೋ ಇಲ್ಲವೋ ಎಂದು ಹೇಳುವವರು ನಾವು.

ನಾವು ಹಾಕುವ ಬಣ್ಣ ಆ ಪ್ರೋಟೀನು ಇದ್ದಲ್ಲಿ ಕಂದು ತಿರುಗುತ್ತದೆ. ಜೇನುಹುಟ್ಟಿನ ಪ್ರತಿ ಕೋಣೆಗೂ ಸುತ್ತ ಗೆರೆ ಎಳೆದಂತೆ ಕಾಣುತ್ತದೆ. ಇಲ್ಲದಿದ್ದರೆ ಬರೀ ತಿಳಿನೀಲಿ. ಅದರ ಜೊತೆಗೆ ಡಾಕ್ಟರು ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಮಾಂಸ ಸರಿಯಾಗಿ ನೆನೆಯದೆ ಕೆಟ್ಟಿದ್ದರೆ ಕ್ಯಾನ್ಸರು ಹೇಗೋ ಕಾಣಿಸುತ್ತದೆ, ಈ ಪ್ರೋಟೀನು ಮಾತ್ರ ಮೊದಲೇ ಅಳಿಸಿಹೋಗುತ್ತದೆ. ಇದ್ದದ್ದು ಇಲ್ಲ ಎಂದು ಕಾಣುತ್ತದೆ. "ಅದಕ್ಕೇ ಡಬ್ಬ ತೆಗೆದಾಗ ನಿನಗೆ ಏನು ಕಂಡರೂ ನನಗೆ ಹೇಳ್ಬೇಕು, ಮುಚ್ಚಿಡಬಾರದು" ಎಂದಿದ್ದರು.

ಇನ್ನೊಂದು ವಿಷಯ. ಇಪ್ಪತ್ತು ವರ್ಷ ಫಾರ್ಮಲಿನ್ ಕುಡಿದ ನನ್ನ ಮೂಗು ಆಗಲೇ ಸತ್ತಿತ್ತು. ಮನೆಯಲ್ಲಿ ಹಾಲು ಸೀದರೂ ನನಗೆ ತಿಳಿಯುತ್ತಿರಲಿಲ್ಲ. ಡಬ್ಬದಲ್ಲಿ ಫಾರ್ಮಲಿನ್ ಇದೆಯೋ ಇಲ್ಲವೋ ಎನ್ನುವುದಕ್ಕೆ ನನಗೆ ಉಳಿದಿದ್ದ ಗುರುತು ಕಣ್ಣು. ಮುಚ್ಚಳ ತೆಗೆದ ಕೂಡಲೇ ಕಣ್ಣು ಉರಿಯಬೇಕು.

ಆ ಸೋಮವಾರ ಕಣ್ಣು ಉರಿಯಲಿಲ್ಲ.

ಬಿಂಡಿಗನವಿಲೆ ಕಡೆಯ ನಿಂಗೇಗೌಡ ಎಂಬಾತ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಕುರಿ ಸಾಕುವವನು. ಹೆಂಡತಿ ಸಾಕಮ್ಮನಿಗೆ ಶನಿವಾರ ನಾಗಮಂಗಲದಲ್ಲಿ ಎದೆಯ ಗಡ್ಡೆ ತೆಗೆದಿದ್ದರು. ಡಬ್ಬವನ್ನು ಅಪ್ಪಿಕೊಂಡೇ ಒಳಗೆ ಬಂದ. "ಶನ್ವಾರ ಸಾಯಂಕಾಲವೇ ಬಂದೆ ಅಕ್ಕಾ, ಬಾಗ್ಲಾಕ್ಬುಟ್ಟಿದ್ರಿ. ಪಾಂಡುಪುರದಲ್ಲಿ ನಮ್ ನಾದ್ನಿ ಮನೇಲಿದ್ದು ಈಗ ಬಂದೆ. ಸಂದಾಕೆ ಮಡ್ಗಿವ್ನಿ, ಏನೂ ಆಗಿಲ್ಲ" ಎಂದ. ನನಗೆ ಮಾತು ಪೂರ್ತಿ ಕೇಳುವ ವ್ಯವಧಾನವಿರಲಿಲ್ಲ. ಮೇಜಿನ ಮೇಲೆ ಇನ್ನೂ ಏಳು ಡಬ್ಬಗಳಿದ್ದವು.

ಮುಚ್ಚಳ ತೆಗೆದರೆ ಒಳಗೆ ಹಳದಿ ನೀರು. ಒಂದು ಕ್ಷಣ ಕೈ ನಿಂತಿತು. ಹಳೆಯ ಕಾಲದ ಕೆಲವು ಸರ್ಜನ್ನರು ಫಾರ್ಮಲಿನ್ನಿಗೆ ಬದಲು ಬೋಯಿನ್ ಎಂಬ ದ್ರಾವಣ ಬಳಸುತ್ತಿದ್ದರು, ಅದರ ಬಣ್ಣ ಹಳದಿ. ಅದೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಆ ದ್ರಾವಣದಲ್ಲೂ ಫಾರ್ಮಲಿನ್ ಇರುತ್ತದೆ, ಅದಕ್ಕೂ ಕಣ್ಣು ಉರಿಯಲೇಬೇಕು, ಅದು ನನಗೆ ಗೊತ್ತಿತ್ತು. ಆದರೂ ರಿಜಿಸ್ಟರಿನಲ್ಲಿ "ಬೋಯಿನ್ ದ್ರಾವಣದಲ್ಲಿ ಬಂದಿದೆ, ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದೆ.

ಚಾಕು ಹಾಕಿದಾಗ ಕೈಗೆ ಗೊತ್ತಾಯಿತು. ಹೊರಗಿನ ಒಂದು ಪದರ ಗಟ್ಟಿಯಾಗಿತ್ತು, ಒಳಗೆಲ್ಲ ಮಿದುವಾಗಿ, ಬೆರಳಿಗೆ ಅಂಟುತ್ತಿತ್ತು. ಆಗಲಾದರೂ ಎದ್ದು ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಹೋಗಿದ್ದರೆ, "ಅಂಚಿನಿಂದ ಗಟ್ಟಿಯಾಗಿರೋದನ್ನ ತೊಗೊಳ್ಳಮ್ಮ, ಪರೀಕ್ಷೆ ಅದರಲ್ಲಿ ಮಾಡು" ಎನ್ನುತ್ತಿದ್ದರು. ಅಷ್ಟೇ, ಐದು ನಿಮಿಷದ ಮಾತು. ಆದರೆ ರಿಜಿಸ್ಟರಿನಲ್ಲಿ ಆಗಲೇ ಸಹಿ ಬಿದ್ದಿತ್ತು. ಅದನ್ನು ಹೊಡೆದುಹಾಕಿ ಬರೆದರೆ ಅವರ ಕಣ್ಣಿಗೆ ಬೀಳುತ್ತದೆ. ನಾನು ಎಂದಿನಂತೆ ನಡುವಿನಿಂದ ತುಂಡು ತೆಗೆದು, ಉಳಿದದ್ದಕ್ಕೆ ಹೊಸ ಫಾರ್ಮಲಿನ್ ಸುರಿದು ಕಪಾಟಿನಲ್ಲಿ ಇಟ್ಟೆ.

ಕ್ಯಾನ್ಸರ್ ಎನ್ನುವುದು ಕಂಡಿತು. ಪ್ರೋಟೀನಿನ ಗಾಜು ಮಾತ್ರ ಬರೀ ನೀಲಿ. ಡಾಕ್ಟರು ಬಹಳ ಹೊತ್ತು ಅದನ್ನೇ ನೋಡಿದರು. "ಕೋಶಗಳ ಅಂಚು ಕಲಸಿದ ಹಾಗಿದೆಯಲ್ಲ. ಮಾಂಸ ಸರಿಯಾಗಿ ನೆನೆದಿತ್ತೇನಮ್ಮ ಸುಶೀಲ?"

"ನೆನೆದಿತ್ತು ಸಾರ್" ಎಂದೆ.

ಅವರು ಮತ್ತೆ ಕೇಳಲಿಲ್ಲ. ಪ್ರಶ್ನೆ ಮಾಡೋಲ್ಲ ಎಂದು ಅವರೇ ಹೇಳಿದ್ದರಲ್ಲ. ಹರ್-ಟೂ ಇಲ್ಲ ಎಂದು ಬರೆದು ರುಜು ಹಾಕಿದರು. ಸಾಕಮ್ಮನಿಗೆ ಮಾಮೂಲಿ ಔಷಧಿ ಕೊಟ್ಟರು, ಪ್ರೋಟೀನಿನ ಬಾಯಿ ಕಟ್ಟುವ ಆ ಔಷಧಿ ಕೊಡಲಿಲ್ಲ. ಗಟ್ಟಿ ಅಂಚಿದ್ದ ಆ ಉಳಿದ ಗಡ್ಡೆ ತಿಂಗಳುಗಟ್ಟಲೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಒಂದು ತುಂಡು ತೆಗೆದು ಇನ್ನೊಮ್ಮೆ ಬಣ್ಣ ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ ನನಗೆ. ದಿನಾ ಆ ಕಪಾಟು ತೆಗೆಯುತ್ತಿದ್ದೆ, ಮುಚ್ಚುತ್ತಿದ್ದೆ. ಅವಧಿ ಮುಗಿದ ಮೇಲೆ ನಿಯಮದಂತೆ ಬಿಸಾಡಿದೆವು. ಬಿಸಾಡಿದ ಪಟ್ಟಿಗೆ ಸಹಿ ಹಾಕಿದವಳೂ ನಾನೇ.

ಒಂದೂವರೆ ವರ್ಷದ ಮೇಲೆ ಅದೇ ಹೆಸರು ಮತ್ತೆ ಬಂತು. ಸಾಕಮ್ಮ, ಬಿಂಡಿಗನವಿಲೆ. ಈ ಸಲ ಮೈಸೂರಿನಲ್ಲಿ ಲಿವರಿನಿಂದ ಸೂಜಿ ಹಾಕಿ ತೆಗೆದ ಎಳೆಗಳು. ಹಳೆಯ ಗಾಜು ನಮ್ಮಲ್ಲಿದ್ದದ್ದರಿಂದ ಇಲ್ಲಿಗೇ ಕಳಿಸಿದ್ದರು. ರೋಗ ಹರಡಿತ್ತು. ಸಣ್ಣ ಶೀಶೆ ತೆಗೆದೆ, ಕಣ್ಣು ಚುರ್ರೆಂದಿತು. ಬಣ್ಣ ಹಾಕಿ, ಗಾಜು ತೊಳೆದು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಕಂದು ಕಾಣಿಸಿತು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೇ ಒಂದು ಕೋಶ ಬಿಟ್ಟಿರಲಿಲ್ಲ.

ಡಾಕ್ಟರು ಹಳೆಯ ಗಾಜನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿದರು. "ಆಗ ಇರಲಿಲ್ಲ, ಈಗ ಬಂದಿದೆ. ಅಪರೂಪಕ್ಕೆ ಹೀಗೂ ಆಗುತ್ತಮ್ಮ, ಗಡ್ಡೆಯ ಸ್ವಭಾವವೇ ಬದಲಾಗಿಬಿಡುತ್ತೆ" ಎಂದರು. ನಾನು ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಹೂಂ ಸಾರ್ ಎಂದುಬಿಟ್ಟಿದ್ದರೆ ಇವತ್ತಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲಿಗೆ ಹೊರಳಲಿಲ್ಲ. ಗಾಜನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಹೊರಗೆ ಹೊಂಗೆ ಮರದ ಕೆಳಗೆ ನಿಂಗೇಗೌಡ ರಿಪೋರ್ಟಿಗೆ ಕಾದು ಕೂತಿದ್ದ. ನಾನು ಕೇಳಿದೆ, "ಗೌಡ್ರೇ, ಆವತ್ತು ನೀವು ತಂದ ಡಬ್ಬದಲ್ಲಿ ಹಳದಿ ನೀರಿತ್ತಲ್ಲ, ನಾಗಮಂಗಲದಲ್ಲಿ ಅದನ್ನೇ ಹಾಕಿ ಕೊಟ್ಟಿದ್ರಾ?"

"ಇಲ್ಲ ಕಣಕ್ಕಾ. ಅವ್ರು ಕೊಟ್ಟಿದ್ದು ಬಿಳೀ ನೀರು, ಗಬ್ಬು ನಾತ. ಬಸ್ಸಲ್ಲಿ ಎಲ್ರೂ ಬೈದ್ರು, ಜಕ್ಕನಳ್ಳಿ ತಾವ ಕಂಡೆಟ್ರು ಇಳ್ಸಾಕೇ ಬಂದ. ನಮ್ ನಾದ್ನಿನೂ ಮನೆ ಒಳೀಕೆ ತರ್ಬೇಡ ಅಂದ್ಬುಟ್ಲು. ಅದ್ಕೇ ಆ ನೀರು ಚೆಲ್ಬುಟ್ಟು, ಗಡ್ಡೆ ಸಂದಾಗಿ ತೊಳ್ದು, ಅರಿಸ್ನ ಉಪ್ಪು ಹಾಕಿದ್ ನೀರ್ನಾಗೆ ಮಡ್ಗಿದ್ದೆ." ಅವನ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ಕುರಿ ಕುಯ್ಯೋನು ನಾನು, ಮಾಂಸ ಎಂಗ್ ಮಡಗ್ಬೇಕು ಅಂತ ಗೊತ್ತಿಲ್ವಾ? ಅರಿಸ್ನ ಹಾಕುದ್ರೆ ಕ್ಯಡಕ್ಕಿಲ್ಲ. ಅವಳ ಮೈದು ಅಲ್ವಾ ಅಕ್ಕಾ, ನಾತದ್ ನೀರ್ನಾಗೆ ಯಾಕಿರ್ಬೇಕು ಅಂತ."

ಆವತ್ತು ಅವನ ಮಾತನ್ನು ಇನ್ನೊಂದು ನಿಮಿಷ ಕೇಳಿದ್ದರೆ ಇಷ್ಟನ್ನೂ ಅವನೇ ಹೇಳುತ್ತಿದ್ದ. "ಯಾಕಕ್ಕಾ, ಏನಾರ ತಪ್ಪಾಯ್ತಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ ಒಳಗೆ ಬಂದು, ನೇರ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅರಿಶಿನದ ನೀರು, ಮೆತ್ತಗಿದ್ದದ್ದು, ನಡುವಿನಿಂದ ತೆಗೆದದ್ದು, ನೆನೆದಿತ್ತು ಎಂದದ್ದು.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂಚಿನ ತುಂಡು ಇದೆಯೇನು?"

"ಬಿಸಾಡಿ ಆಯ್ತು ಸಾರ್."

"ಅರಿಶಿನ ಹಾಕಿದವನು ಅವನು ನಿಜ. ಆದರೆ ಅದನ್ನ ಒಳಗೆ ತೊಗೊಂಡವರು ನಾವು. ಕಲಸಿದ ಹಾಗಿದೆ ಅಂತ ನನಗೂ ಕಂಡಿತ್ತು. ನಾನು ಎದ್ದು ಬಂದು ಡಬ್ಬ ನೋಡ್ಲಿಲ್ಲ" ಎಂದರು. ಆಮೇಲೆ ಹಳೆಯ ರಿಪೋರ್ಟು ನಂಬಲು ಯೋಗ್ಯವಲ್ಲ, ಮಾಂಸ ಸರಿಯಾಗಿ ನೆನೆದಿರಲಿಲ್ಲ ಎಂದು ತಮ್ಮ ಕೈಯಲ್ಲೇ ಬರೆದು ಮೈಸೂರಿಗೆ ಕಳಿಸಿದರು. ಅವತ್ತಿನಿಂದ ಅವರು ಕೆಲಸ ಬಿಡುವವರೆಗೂ ನನ್ನ ಕೈಯಿಂದ ಹೋದ ಪ್ರತಿಯೊಂದನ್ನೂ ಪ್ರಶ್ನೆ ಮಾಡಿದರು. ನನಗೆ ಅದೇ ಸರಿ ಅನ್ನಿಸಿತು.

ಸಾಕಮ್ಮನಿಗೆ ಸರ್ಕಾರದ ಕಾರ್ಡಿನಲ್ಲೇ ಆ ಔಷಧಿ ಶುರುವಾಯಿತು. ಎರಡನೆಯ ಸಲ ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಇಳಿದು ಇಬ್ಬರೂ ಲ್ಯಾಬಿಗೆ ಬಂದರು. ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ಸಣ್ಣ ಹೆಂಗಸು, ತಲೆಗೆ ಟವಲು ಸುತ್ತಿದ್ದಳು, ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಸೀರೆಯ ಸೆರಗಿನಿಂದ ನಾಲ್ಕು ಸೀಬೆಹಣ್ಣು ತೆಗೆದು ನನ್ನ ಕೈಗಿಟ್ಟಳು. "ಬಣ್ಣ ಆಕಿ ಕಾಯ್ಲೆ ಕಂಡುಹಿಡ್ದೋರು ನೀವೇ ಅಂತೆ ಅಕ್ಕಯ್ಯ. ನಿಮ್ಮಿಂದ ಒಳ್ಳೆ ಔಸ್ದಿ ಸಿಕ್ತು. ನಿಮ್ ಒಟ್ಟೆ ತಣ್ಣಗಿರ್ಲಿ" ಎಂದಳು. ಬೈದು ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ನೀರು ಕುಡಿಯಲು ಒಳಗೆ ಹೋದಾಗ ನಿಂಗೇಗೌಡನನ್ನು ಹೊಂಗೆ ಮರದ ಕೆಳಕ್ಕೆ ಕರೆದೆ. ನಿಜ ಹೇಳಿದರೆ ಅರಿಶಿನದ ಮಾತು ಬರುತ್ತದೆ, ಬಂದರೆ ಅವನು ಜೀವಮಾನವಿಡೀ ಕೊರಗುತ್ತಾನೆ. ಹೇಳದಿದ್ದರೆ ಅವಳ ಆಶೀರ್ವಾದ ನನ್ನ ಮೇಲೆ ಉಳಿಯುತ್ತದೆ. ನನ್ನ ಪಾಲನ್ನಷ್ಟೇ ಹೇಳಲು ಹೊರಟೆ. "ಗೌಡ್ರೇ, ಈ ಔಷಧಿ ಮೊದಲೇ ಸಿಗಬೇಕಿತ್ತು. ಮೊದಲನೇ ಪರೀಕ್ಷೆ ತಪ್ಪಾಯ್ತು. ತಪ್ಪು ನಂದು. ಡಬ್ಬದ ಮುಚ್ಚಳ ತೆಗೆದಾಗ ನನ್ನ ಕಣ್ಣು ಉರೀಬೇಕಿತ್ತು, ಉರೀಲಿಲ್ಲ. ಒಳಗೆ ಮೆತ್ತಗಿತ್ತು. ಅದು ಗೊತ್ತಿದ್ದೂ ಡಾಕ್ಟರಿಗೆ ಹೇಳ್ಲಿಲ್ಲ ನಾನು."

"ಕಣ್ ಯಾಕ್ ಉರೀಬೇಕಿತ್ತು?" ಎಂದು ಕೇಳಿದ.

"ಆ ನಾತದ ನೀರಿಗೆ ಉರಿಯುತ್ತೆ."

ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಗಡ್ಡೆ ತೊಳೆದ ಕೈಗಳು. ನಾನು, "ಅರಿಶಿನದ ಮಾತಲ್ಲ ಗೌಡ್ರೇ, ಕೇಳಬೇಕಾದವಳು ನಾನು, ನಿಮಗೆ ಯಾರೂ ಹೇಳಿರಲಿಲ್ಲ" ಎಂದು ಏನೇನೋ ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಸಾಕಮ್ಮ ಬಾಗಿಲಿಗೆ ಬಂದಳು. "ಅವಳ್ಗೆ ಯೋಳ್ಬೇಡ ಅಕ್ಕಾ" ಎಂದಷ್ಟೇ ಹೇಳಿ, ಅವಳ ಚೀಲ ತನ್ನ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಔಷಧಿ ಕೆಲಸ ಮಾಡಿತು. ಕಣ್ಣಿನ ಹಳದಿ ಇಳಿಯಿತು, ಅವಳು ಮತ್ತೆ ಕುರಿಗಳ ಹಿಂದೆ ಹೋಗುತ್ತಿದ್ದಾಳೆ ಎಂದು ನಾಗಮಂಗಲದಿಂದ ಬಂದ ಯಾರೋ ಹೇಳಿದರು. ಅದನ್ನು ಕೇಳಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಹರಡುವ ಮೊದಲೇ ಕೊಟ್ಟಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ಎರಡು ಬೇಸಿಗೆ ಇದ್ದಳು. ಆಮೇಲೆ ಮೆದುಳಿಗೆ ಹೋಯಿತು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಹೋಗಬೇಕೆಂದು ಬಸ್‌ಸ್ಟ್ಯಾಂಡಿನವರೆಗೆ ಹೋದೆ, ನಾಗಮಂಗಲದ ಬಸ್ಸು ಬಂದು ನಿಂತಿತು, ಹತ್ತಲು ಧೈರ್ಯ ಬರಲಿಲ್ಲ.

ನಾನು ನಿವೃತ್ತಳಾಗುವ ವಾರ ಅವನು ಬಂದ. ಗಡ್ಡ ನರೆತಿತ್ತು, ಗುರುತು ಹಿಡಿಯಲು ಎರಡು ಗಳಿಗೆ ಬೇಕಾಯಿತು. ಕೈಯಲ್ಲಿ ಬಟ್ಟೆಚೀಲ. ಊರಿನ ಒಬ್ಬ ಹೆಣ್ಣುಮಗಳ ಎದೆಯಿಂದ ತೆಗೆದದ್ದಂತೆ. ಅವಳ ಗಂಡ ಆಸ್ಪತ್ರೆಯಲ್ಲೇ ಇರಲಿ, ಡಬ್ಬ ನಾನು ಒಯ್ಯುತ್ತೇನೆ ಎಂದು ತಾನೇ ಇಸಿದುಕೊಂಡು ಬಂದಿದ್ದ. ಊರಲ್ಲಿ ಯಾರಿಗೆ ಆಪರೇಷನ್ ಆದರೂ ಈಗ ಡಬ್ಬ ತರುವುದು ಅವನೇ ಎಂದು ಆಮೇಲೆ ತಿಳಿಯಿತು. ಬೇರೆ ಊರಿನ ಲ್ಯಾಬುಗಳಿಗೂ ಹೋಗಿದ್ದನಂತೆ, ನಮ್ಮಲ್ಲಿಗೆ ಬರಲು ಮಾತ್ರ ಇಷ್ಟು ದಿನ ಬೇಕಾಗಿತ್ತು.

"ಬಸ್ಸಲ್ಲಿ ಬೈದ್ರು. ಬೈಕೊಳ್ಳಿ ಅಂದೆ" ಎನ್ನುತ್ತಾ ಡಬ್ಬವನ್ನು ಮೇಜಿನ ಮೇಲಿಟ್ಟ. ಮುಚ್ಚಳದ ಸುತ್ತ ಟೇಪು ಮೂರು ಸುತ್ತು ಬಿಗಿದಿತ್ತು. ನಾನು ಅವನನ್ನು ಕೂರಿಸಿದೆ. ಎಷ್ಟು ಗಂಟೆಗೆ ತೆಗೆದರು, ಎಷ್ಟು ಗಂಟೆಗೆ ಡಬ್ಬಕ್ಕೆ ಹಾಕಿದರು, ದಾರಿಯಲ್ಲಿ ತೆರೆದಿರಾ ಎಂದು ಒಂದೊಂದನ್ನೂ ಕೇಳಿದೆ. ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟ. ಆಮೇಲೆ ಟೇಪು ಕತ್ತರಿಸಿ ಮುಚ್ಚಳ ತೆಗೆದೆ. ಅವನು ಡಬ್ಬವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಕಣ್ ಉರೀತಾ ಅಕ್ಕಾ?"

"ಉರೀತು ಗೌಡ್ರೇ."

"ಸರಿ ಬುಡು ಅಂಗಾರೆ" ಎಂದು ಖಾಲಿ ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡು ಎದ್ದ.